ಸಾವಿರ ಪೌಂಡಿನ ವಿಶ್ರಾಂತಿ

ಬೆಂಗಳೂರಿನ ನಕ್ಷೆಯಲ್ಲಿ ಮೈಸೂರಿನ ಇಬ್ಬರು ಕಮಿಷನರುಗಳ ಹೆಸರು ಇಂದಿಗೂ ಉಳಿದಿದೆ. ಒಬ್ಬರು ಮಾರ್ಕ್ ಕಬ್ಬನ್, ಇನ್ನೊಬ್ಬರು ಲೆವಿನ್ ಬೌರಿಂಗ್. ಕಂಪನಿಯ ಮದ್ರಾಸ್ ಸೈನ್ಯದಿಂದ ಬಂದ ಕಬ್ಬನ್ 1834ರಿಂದ 1861ರವರೆಗೆ ಇಲ್ಲಿ ಆಡಳಿತ ನಡೆಸಿದರು. ಆರೋಗ್ಯ ಕೆಟ್ಟು ರಾಜೀನಾಮೆ ಕೊಟ್ಟು ಊರಿಗೆ ಹೊರಟವರು ಮುಟ್ಟಲಿಲ್ಲ, ಸೂಯೆಜ್‌ನಲ್ಲಿ ತೀರಿಕೊಂಡರು. 1862ರಲ್ಲಿ ಬಂದ ಬೌರಿಂಗ್ 1870ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು. ಅಲ್ಲಿ ಕೂತು ಹೈದರ್ ಮತ್ತು ಟಿಪ್ಪು ಕುರಿತು ಪುಸ್ತಕ ಬರೆದರು, 1910ರವರೆಗೆ ಬದುಕಿದರು. ಒಬ್ಬರಿಗೆ ನಿವೃತ್ತಿ ಎಂಬುದೇ ಸಿಗಲಿಲ್ಲ, ಇನ್ನೊಬ್ಬರಿಗೆ ನಾಲ್ಕು ದಶಕ ಸಿಕ್ಕಿತು.

ಇಂಥ ದೀರ್ಘ ವಿಶ್ರಾಂತಿಯ ಖರ್ಚನ್ನು ಹೊತ್ತವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಕಂಡದ್ದು ಒಂದೇ ಹೆಸರಿನ, ಆದರೆ ಬೇರೆ ಬೇರೆ ತೂಕದ ಪಿಂಚಣಿಗಳು.

ಮೇಲಿನ ಸಾಲಿನಲ್ಲಿದ್ದವರು ಕರಾರುಪತ್ರಕ್ಕೆ ಸಹಿ ಹಾಕಿ ಬಂದ ‘ಕವನೆಂಟೆಡ್’ ಅಧಿಕಾರಿಗಳು. ಮುಂದೆ ಐಸಿಎಸ್ ಎಂದು ಹೆಸರಾದದ್ದು ಇದೇ ವರ್ಗ. 25 ವರ್ಷ ಸೇವೆ, ಅದರಲ್ಲಿ ರಜೆ ಕಳೆದು 21 ವರ್ಷ ನಿಜವಾದ ಕೆಲಸ. ಇಷ್ಟು ಮುಗಿಸಿದರೆ ಸಾಯುವ ತನಕ ವರ್ಷಕ್ಕೆ 1,000 ಪೌಂಡ್. ಜಿಲ್ಲೆಯ ಮಟ್ಟದಲ್ಲೇ ಉಳಿದವರಿಗೂ ಪ್ರಾಂತ್ಯದ ತುದಿಗೇರಿದವರಿಗೂ ಅಷ್ಟೇ. ಇದಕ್ಕಾಗಿ ಸಂಬಳದಲ್ಲಿ ಶೇ. 4ರಷ್ಟು ಕಡಿತ ಇತ್ತು, ನಿಜ. ಆದರೆ ಉಳಿದ ಭಾರ ಭಾರತದ ಬೊಕ್ಕಸದ್ದು. ಇಪ್ಪತ್ತರ ಹರೆಯದಲ್ಲಿ ಬಂದವರು ಐವತ್ತು ತುಂಬುವ ಮೊದಲೇ ಮನೆಗೆ ಹೋಗಬಹುದಿತ್ತು.

ಅವರ ಕೆಳಗಿದ್ದವರು ಕರಾರಿಲ್ಲದ ನೌಕರರು. ಶಿರಸ್ತೇದಾರರು, ಮುನ್ಷಿಗಳು, ಗುಮಾಸ್ತರು, ತಹಸೀಲ್ದಾರರು ಇದರಲ್ಲಿ ಬರುತ್ತಿದ್ದರು. ಕಚೇರಿ ನಡೆಯುತ್ತಿದ್ದದ್ದೇ ಇವರಿಂದ. ಇವರ ಪಿಂಚಣಿ ರೂಪಾಯಿಯಲ್ಲಿ, ಸಂಬಳದ ಒಂದು ಪಾಲಿನ ಲೆಕ್ಕದಲ್ಲಿ. ಇನ್ನೂ ಕೆಳಗೆ ಜವಾನರು. ಅವರದನ್ನು ನಿಯಮಾವಳಿಯೇ ‘ಕೀಳು ಸೇವೆ’ ಎಂದು ಕರೆದು ಪ್ರತ್ಯೇಕ ದರ ಇಟ್ಟಿತ್ತು. ಗುಮಾಸ್ತನ ಉಸಿರು ನಿಂತ ದಿನ ಅವನ ಪಿಂಚಣಿಯೂ ನಿಲ್ಲುತ್ತಿತ್ತು. ಕವನೆಂಟೆಡ್ ಅಧಿಕಾರಿಗಳ ವಿಧವೆಯರಿಗಾದರೋ ಪ್ರತ್ಯೇಕ ನಿಧಿಗಳಿದ್ದವು.

1870ರ ದಶಕದಿಂದ ಬೆಳ್ಳಿಯ ಬೆಲೆ ಕುಸಿಯತೊಡಗಿದಾಗ ಈ ಅಂತರ ಇನ್ನಷ್ಟು ಢಾಳಾಗಿ ಕಾಣಿಸಿತು. ಹಿಂದೆ ಸುಮಾರು 10 ರೂಪಾಯಿಗೆ ಸಿಗುತ್ತಿದ್ದ ಒಂದು ಪೌಂಡಿಗೆ ಶತಮಾನದ ಕೊನೆಗೆ 15 ರೂಪಾಯಿ ಬೇಕಾಯಿತು. ರೂಪಾಯಿಯಲ್ಲಿ ಪಿಂಚಣಿ ಪಡೆದು ಇಂಗ್ಲೆಂಡಿಗೆ ಹೋಗಿ ನೆಲೆಸಿದ ಕರಾರಿಲ್ಲದ ಬಿಳಿಯರು ಗೋಳಾಡಿದರು. ವರ್ಷಕ್ಕೆ 3,000 ರೂಪಾಯಿ ಬರುವವರ ಕೈಯಲ್ಲಿ 300 ಪೌಂಡಿನ ಬದಲು 200 ಪೌಂಡ್ ಉಳಿಯಿತು. ಐಸಿಎಸ್‌ನವರ 1,000 ಪೌಂಡ್ ಮಾತ್ರ ಕದಲಲಿಲ್ಲ. ಅದನ್ನು ಕೊಡಲು ಇಲ್ಲಿನ ಬೊಕ್ಕಸ 10,000 ರೂಪಾಯಿಯ ಬದಲು 15,000 ಹೊಂದಿಸಬೇಕಾಯಿತು. ಬೊಕ್ಕಸಕ್ಕೆ ಆ ಹಣ ಬರುತ್ತಿದ್ದದ್ದು ಬಹುಪಾಲು ರೈತರ ಕಂದಾಯದಿಂದ ಮತ್ತು ಉಪ್ಪಿನಂಥ ತೆರಿಗೆಗಳಿಂದ.

ಇದನ್ನು ಲೆಕ್ಕ ಹಾಕಿ ಲೋಕದ ಮುಂದಿಟ್ಟವರು ದಾದಾಭಾಯಿ ನವರೋಜಿ. ಭಾರತ ಪ್ರತಿವರ್ಷ ಲಂಡನ್ನಿಗೆ ಕಟ್ಟುತ್ತಿದ್ದ ‘ಹೋಮ್ ಚಾರ್ಜಸ್’ನಲ್ಲಿ ಸಾಲದ ಬಡ್ಡಿ, ಸೈನ್ಯದ ಖರ್ಚುಗಳ ಜೊತೆ ಈ ಪಿಂಚಣಿಗಳೂ ಸೇರಿದ್ದವು. ನವರೋಜಿಯವರ ಆಕ್ಷೇಪ ಬರೀ ಹಣದ್ದಲ್ಲ. ಅಧಿಕಾರಿಗಳು ಇಲ್ಲಿ ಗಳಿಸಿದ ಅನುಭವ ಮತ್ತು ವಿವೇಕವನ್ನೂ ಕಟ್ಟಿಕೊಂಡು ಹೋಗುತ್ತಾರೆ, ದೇಶಕ್ಕೆ ಎರಡೂ ನಷ್ಟ ಎಂದು ಅವರು ವಾದಿಸಿದರು.

ಈ ವಾದ ಓದುವಾಗಲೆಲ್ಲ ನನಗೆ ಜೆ.ಎಫ್. ಫ್ಲೀಟ್ ನೆನಪಾಗುತ್ತಾರೆ. 1867ರಲ್ಲಿ ಮುಂಬಯಿ ಸಿವಿಲ್ ಸೇವೆಗೆ ಸೇರಿ, ಕನ್ನಡ ಕಲಿತು, ನಮ್ಮ ಶಾಸನಗಳನ್ನು ಓದಿ, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ ಪ್ರಕಟಿಸಿದವರು. 1897ರಲ್ಲಿ ನಿವೃತ್ತರಾಗಿ ಲಂಡನ್ನಿಗೆ ಹೋದರು, 1917ರಲ್ಲಿ ತೀರಿಕೊಂಡರು. ನಿಯಮದ ಲೆಕ್ಕ ಹಿಡಿದರೆ ಆ 20 ವರ್ಷಕ್ಕೆ ಭಾರತ ತೆತ್ತದ್ದು ಸುಮಾರು 3 ಲಕ್ಷ ರೂಪಾಯಿ. ಆ ಬಿಡುವಿನಲ್ಲಿ ಅವರು ಶಾಸನಗಳ ಬಗ್ಗೆ ಬರೆಯುತ್ತಲೇ ಇದ್ದರು. ಕನ್ನಡದ ಇತಿಹಾಸ ಓದುವ ನಾನು ಅವರ ಋಣದಲ್ಲಿದ್ದೇನೆ. ಆದರೆ ಆ ಬಿಡುವನ್ನು ಕೊಂಡುಕೊಟ್ಟವರಲ್ಲಿ ಕಂದಾಯ ಕಟ್ಟಿದ ರೈತರೂ ಇದ್ದರು. ಅವರ ಮಕ್ಕಳು ಆ ಶಾಸನಗಳ ಮೇಲೆ ಕುಣಿದಾಡಿ ಬೆಳೆದರೂ ಓದುವ ವಿದ್ಯೆ ಅವರಿಗೆ ಸಿಗಲಿಲ್ಲ. ನವರೋಜಿ ಹೇಳಿದ ಎರಡನೆಯ ನಷ್ಟ ಇದೇ ಇರಬೇಕು.

ಇಷ್ಟಾಗಿಯೂ ಪಿಂಚಣಿ ಎಂಬುದು ಹಕ್ಕಾಗಿರಲಿಲ್ಲ. ಇಂಗ್ಲೆಂಡಿನ 1834ರ ಕಾಯ್ದೆಯೇ ನೌಕರನಿಗೆ ಅದರ ಮೇಲೆ ಪೂರ್ಣ ಹಕ್ಕಿಲ್ಲ ಎಂದಿತ್ತು. ಸಿಲೋನಿನ ಪಿಂಚಣಿ ನಿಯಮಗಳೂ ಅದನ್ನೇ ಹೇಳಿದವು. ಭಾರತದಲ್ಲಿ 1871ರ ಪಿಂಚಣಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರ ಕೊಟ್ಟ ಪಿಂಚಣಿಯ ಬಗ್ಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ. ಹೂಡಬೇಕೆಂದರೆ ಕಲೆಕ್ಟರ್ ಅಥವಾ ಅಂಥ ಅಧಿಕಾರಿಯ ಒಪ್ಪಿಗೆ ಪತ್ರ ಬೇಕು. ಅಂದರೆ ಸರ್ಕಾರದ ಮೇಲೆ ದೂರು ಕೊಡಲು ಸರ್ಕಾರದ್ದೇ ಅಪ್ಪಣೆ. ಅದೇ ಕಾಯ್ದೆ ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡದಂತೆ ತಡೆದು ಮುದುಕರನ್ನು ಕಾಪಾಡಿತು ಎಂಬುದನ್ನೂ ಹೇಳಬೇಕು. ಸಾಹುಕಾರನಿಂದ ರಕ್ಷಣೆ ಇತ್ತು, ಸರ್ಕಾರದಿಂದ ಇರಲಿಲ್ಲ.

ನಿವೃತ್ತಿಯ ನಂತರವೂ ನಡತೆ ಚೆನ್ನಾಗಿರಬೇಕು, ಇಲ್ಲವಾದರೆ ಪಿಂಚಣಿ ತಡೆಹಿಡಿಯಬಹುದು ಎಂಬ ಷರತ್ತೂ ಸೇವಾ ನಿಯಮಗಳಲ್ಲಿತ್ತು. ಒಳ್ಳೆಯ ನಡತೆ ಯಾವುದು ಎಂದು ತೀರ್ಮಾನಿಸುವವರು ಆಳುವವರೇ. ಮೂವತ್ತು ವರ್ಷ ಕಚೇರಿಯ ಒಳಗುಟ್ಟು ಕಂಡ ಒಬ್ಬ ಶಿರಸ್ತೇದಾರ ಮನೆ ಜಗಲಿಯಲ್ಲಿ ಕೂತು ಏನನ್ನಾದರೂ ಬಾಯಿಬಿಡುವ ಮುನ್ನ ಮುಂದಿನ ತಿಂಗಳ ಖರ್ಚನ್ನು ನೆನೆಯದೆ ಇರುತ್ತಿದ್ದನೇ? ಹಾಗಾಗಿ ಆ ಕಾಲದ ಪಿಂಚಣಿ ನನಗೆ ದುಡಿಮೆಯ ಫಲಕ್ಕಿಂತ ಉದ್ದನೆಯ ಹಗ್ಗದಂತೆ ಕಾಣುತ್ತದೆ.

ಈ ಹಗ್ಗ ಸಡಿಲವಾಗಲು ಸ್ವಾತಂತ್ರ್ಯ ಬಂದ ಮೇಲೂ ದಶಕಗಳು ಬೇಕಾದವು. ಕುಟುಂಬ ಪಿಂಚಣಿ ಯೋಜನೆ ಒಂದು ರೂಪ ಪಡೆದದ್ದು 1964ರಲ್ಲಿ. ಪಿಂಚಣಿ ಕೃಪೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟ್ 1971ರ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಹೇಳಿತು, 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು. ಆದರೂ ಒಳ್ಳೆಯ ನಡತೆಯ ಷರತ್ತು ಕೇಂದ್ರ ನೌಕರರ ನಿಯಮಗಳಲ್ಲಿ ಇವತ್ತಿಗೂ ಇದೆ.

ನಮ್ಮ ಮನೆಯಲ್ಲಿ ಅಪ್ಪ ಹಳೆಯ ಪಿಂಚಣಿಯವರು. ತಂಗಿ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದ್ದು 2006ರ ಏಪ್ರಿಲ್ ನಂತರ, ಹಾಗಾಗಿ ಅವಳು ಎನ್‌ಪಿಎಸ್. ಅವಳ ಸಂಬಳದಲ್ಲಿ ಪ್ರತಿ ತಿಂಗಳು ಶೇ. 10 ಕಡಿತ. ಕೊನೆಗೆ ಎಷ್ಟು ಬರುತ್ತದೆ ಎಂಬುದು ಮಾರುಕಟ್ಟೆಯ ಕೈಯಲ್ಲಿ. ಈ ಪ್ರಬಂಧ ಬರೆಯುವಾಗ ಐಸಿಎಸ್‌ನವರ ಶೇ. 4ರ ಲೆಕ್ಕ ಹೇಳಿದೆ. “ಅವರಿಗಾದರೆ ಕಡಿತದ ಕೊನೆಗೆ ಸಾವಿರ ಪೌಂಡ್ ಅಂತ ಗೊತ್ತಿತ್ತಲ್ಲ ಅಣ್ಣ” ಎಂದಳು ತಂಗಿ. ಅಪ್ಪ ಏನೂ ಹೇಳದೆ, ನವೆಂಬರ್ ಬಂತೆಂದು ಬ್ಯಾಂಕಿಗೆ ಕೊಡಬೇಕಾದ ಜೀವಂತ ಪ್ರಮಾಣಪತ್ರ ಹುಡುಕುತ್ತಿದ್ದರು.