ಕಾಕಮಾರಿಯಿಂದ ಕ್ವಿನಾಲ್ಫಾಸ್‌ವರೆಗೆ

ತಮಿಳುನಾಡಿನ ಕಂಬಂ, ಬೋಡಿನಾಯಕನೂರುಗಳ ಕೂಲಿಯಾಳುಗಳು ಬೆಳಗಿನ ಜೀಪು ಹತ್ತಿ ಘಾಟಿಯಾಚೆ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುತ್ತಾರೆ. ಅಲ್ಲಿ ಹೊಡೆಯುತ್ತಿದ್ದ ಕೀಟನಾಶಕಗಳಲ್ಲಿ ಕ್ವಿನಾಲ್ಫಾಸ್ ಕೂಡ ಒಂದಾಗಿತ್ತು. ಅದು ಮೈಗೆ ಹೆಚ್ಚಾಗಿ ಸೇರಿದರೆ ಜೊಲ್ಲು ಸುರಿಯುತ್ತದೆ, ಉಸಿರು ಕಟ್ಟುತ್ತದೆ, ಕೆಲವರಿಗೆ ಫಿಟ್ಸ್, ಅಂದರೆ ಸೆಳವು, ಬರುತ್ತದೆ. ಆಗ ಮಿದುಳಿನ ಕೋಶಗಳನ್ನು ಕೊಲ್ಲುವುದು ವಿಷವೋ, ವಿಷ ಎಬ್ಬಿಸಿದ ಫಿಟ್ಸೋ? ದೊಡ್ಡ ಪಾಲು ಫಿಟ್ಸ್‌ನದೇ ಎಂದು ಪ್ರಾಣಿ ಪ್ರಯೋಗಗಳ ಚರಿತ್ರೆ ಹೇಳುತ್ತದೆ.

ಆ ಚರಿತ್ರೆಯ ಒಂದು ಬೇರು ನಮ್ಮ ಘಟ್ಟಗಳಲ್ಲೇ ಇದೆ. ಮೀನಿಗೆ ಮತ್ತು ಬರಿಸಲು ಜಜ್ಜಿ ಹಾಕುತ್ತಿದ್ದ ಕಾಕಮಾರಿ ಬೀಜದಿಂದ 1812ರಲ್ಲಿ ಪಿಕ್ರೊಟಾಕ್ಸಿನ್ ಎಂಬ ವಿಷ ಬೇರ್ಪಟ್ಟಿತು. ನರಕೋಶದ ಉದ್ರೇಕಕ್ಕೆ ಕಡಿವಾಣ ಹಾಕುವ ಗಾಬಾ ಎಂಬ ರಾಸಾಯನಿಕದ ದಾರಿಯನ್ನು ಅದು ಮುಚ್ಚಿ ಸೆಳವು ಬರಿಸುತ್ತದೆ. ಆದರೆ ಬಹುಕಾಲ ಸಂಶೋಧಕರು ನೋಡಿದ್ದು ಸೆಳವನ್ನೇ ಹೊರತು ಸೆಳವು ನಿಂತ ಮೇಲಿನ ಮಿದುಳನ್ನಲ್ಲ. ಉಸಿರು ಕಟ್ಟಿ, ಆಮ್ಲಜನಕ ಸಾಲದೆ ಕೋಶ ಸಾಯುತ್ತದೆ ಎಂದು ನಂಬಿದವರೂ ಇದ್ದರು. 1973ರಲ್ಲಿ ಬ್ರಯಾನ್ ಮೆಲ್ಡ್ರಮ್ ಮತ್ತು ಸಂಗಡಿಗರು ಬಬೂನುಗಳ ಸ್ನಾಯುಗಳನ್ನು ಸ್ತಬ್ಧಗೊಳಿಸಿ, ಯಂತ್ರದಿಂದ ಉಸಿರಾಡಿಸುತ್ತಾ, ಸೆಳವು ಬರಿಸುವ ಬೈಕುಕುಲಿನ್ ಕೊಟ್ಟರು. ಮೈ ಅಲುಗದಿದ್ದರೂ ಮಿದುಳಿನೊಳಗೆ ಸೆಳವು ನಡೆದೇ ಇತ್ತು. ಹಾನಿ ತಗ್ಗಿತೇ ವಿನಾ ತಪ್ಪಲಿಲ್ಲ. 

1978ರಲ್ಲಿ ಜಪಾನಿನ ಕಡಲಪಾಚಿಯ ಕೈನಿಕ್ ಆಮ್ಲ, 1983ರಲ್ಲಿ ಪೈಲೊಕಾರ್ಪಿನ್ ಎಂಬ ಸೆಳವು ಬರಿಸುವ ರಾಸಾಯನಿಕಗಳು ಇಲಿಯ ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗವಾದ ಹಿಪೊಕ್ಯಾಂಪಸ್‌ನತ್ತ ಬೆರಳು ತೋರಿದವು. ಪೈಲೊಕಾರ್ಪಿನ್ ಕೊಟ್ಟ ಇಲಿ ಮೊದಲು ಜೊಲ್ಲು ಸುರಿಸಿ ಬಾಯಿ ಜಗಿಯುತ್ತದೆ, ಮುಂಗಾಲು ನಡುಗಿಸುತ್ತದೆ, ಹಿಂಗಾಲ ಮೇಲೆ ಎದ್ದು ಉರುಳುತ್ತದೆ. ದಿನಗಳ ನಂತರ ಸೂಕ್ಷ್ಮದರ್ಶಕದಡಿ ನೋಡಿದರೆ ಹಿಪೊಕ್ಯಾಂಪಸ್‌ನಲ್ಲಿ ಒತ್ತೊತ್ತಾಗಿದ್ದ ಕೋಶಗಳ ಸಾಲು ಅಲ್ಲಲ್ಲಿ ಬರಿದಾಗಿರುತ್ತದೆ.

ಕೈನಿಕ್ ಆಮ್ಲವೇ ಕೋಶಕ್ಕೆ ವಿಷವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ 1983ರಲ್ಲೇ ಬಂತು: ರಾಬರ್ಟ್ ಸ್ಲೋವಿಟರ್ ಯಾವ ವಿಷವನ್ನೂ ಕೊಡದೆ, ಹಿಪೊಕ್ಯಾಂಪಸ್‌ಗೆ ಹೋಗುವ ನರಮಾರ್ಗವನ್ನು ವಿದ್ಯುತ್ತಿನಿಂದ ಬಹುಹೊತ್ತು ಕೆರಳಿಸಿದರು, ಅಲ್ಲಿನ ಕೋಶಗಳು ಸತ್ತವು. ಇಲಿ ಮನುಷ್ಯನಲ್ಲ ಎನ್ನುವವರಿಗೆ 1987ರ ಕೆನಡಾ ಸಾಕ್ಷಿ. ಕೈನಿಕ್ ಆಮ್ಲದ ಹತ್ತಿರದ ನಂಟಾದ ಡೊಮೊಯಿಕ್ ಆಮ್ಲ ಬೆರೆತ ಚಿಪ್ಪುಮೀನು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಸತ್ತವರ ಮಿದುಳಿನಲ್ಲಿ ಹಿಪೊಕ್ಯಾಂಪಸ್ಸೇ ಬರಿದಾಗಿತ್ತು.

ಕಾಸರಗೋಡಿನ ವಿಚಾರದಲ್ಲಿ ಮಾತ್ರ ನಾನು ಈ ವಾದವನ್ನು ಅಷ್ಟು ದೂರ ಎಳೆಯಲಾರೆ. ಅಲ್ಲಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಕೂಡ ಕಾಕಮಾರಿಯ ವಿಷದಂತೆ ಗಾಬಾದ ದಾರಿಯನ್ನೇ ಮುಚ್ಚುತ್ತದೆ. ಆದರೆ ಒಮ್ಮೆಗೇ ದೊಡ್ಡ ಡೋಸು ಪಡೆದ ಇಲಿ, ವರ್ಷಗಟ್ಟಲೆ ಸ್ವಲ್ಪಸ್ವಲ್ಪ ವಿಷದಲ್ಲಿ ಬೆಳೆದ ಮಗುವಿಗೆ ಸಾಟಿಯಲ್ಲ. ಅಲ್ಲಿ ಊರೂರು ಸುತ್ತುವ ಆರೋಗ್ಯ ಸಮೀಕ್ಷೆಯೇ ಬೇಕು.

ತಕ್ಷಣದ ವಿಷಬಾಧೆಯಲ್ಲಿ ಹಾಗಲ್ಲ. ಸೆಳವು ಗಂಟೆಯಷ್ಟು ಎಳೆದರೆ ಇಲಿಯ ನರಕೋಶಗಳು ತಮ್ಮ ಮೇಲ್ಮೈಯಲ್ಲಿ ಗಾಬಾವನ್ನು ಹಿಡಿಯುವ ಗ್ರಾಹಕಗಳಲ್ಲಿ ಹಲವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಆ ಗ್ರಾಹಕಗಳ ಮೂಲಕವೇ ಕೆಲಸ ಮಾಡುವ, ಸೆಳವು ನಿಲ್ಲಿಸುವ ಡಯಾಜೆಪಾಮ್, ಮಿಡಜೋಲಮ್ ಚುಚ್ಚುಮದ್ದು ಆಮೇಲೆ ಅಷ್ಟಾಗಿ ನಾಟುವುದಿಲ್ಲ. ತೋಟದಲ್ಲಿ ಬಿದ್ದವರನ್ನು ಬೋಡಿಮೆಟ್ಟು ಘಾಟಿಯ ತಿರುವುಗಳಿಂದ ಇಳಿಸಿ ತೇನಿ ಮುಟ್ಟಿಸುವ ಹೊತ್ತಿಗೆ ಆ ಗಂಟೆ ಕಳೆದುಹೋಗಬಹುದು. ಹಾಗಾಗಿ ಆ ಚುಚ್ಚುಮದ್ದು ಘಾಟಿಯ ಮೇಲಿನ ಆರೋಗ್ಯ ಕೇಂದ್ರಗಳಲ್ಲೇ ಸಿಗಬೇಕು.