ಜಲಾಂತರ್ಗತ ರೋಬೋಟ್ ಸ್ಪರ್ಧೆ

ವಿದ್ಯಾರ್ಥಿಗಳು ತಾವೇ ಕಟ್ಟಿದ ಯಂತ್ರವನ್ನು ಕೊಳದ ಅಥವಾ ತೊಟ್ಟಿಯ ನೀರಿಗಿಳಿಸಿ, ಗೊತ್ತುಪಡಿಸಿದ ಕೆಲಸಗಳನ್ನು ನಿಗದಿತ ಅವಧಿಯೊಳಗೆ ಅದರಿಂದ ಮಾಡಿಸುವ ತಾಂತ್ರಿಕ ಸ್ಪರ್ಧೆ. ಇಂಥ ಯಂತ್ರಗಳಲ್ಲಿ ಎರಡು ಬಗೆಗಳಿವೆ. ದಡದಲ್ಲಿರುವ ಚಾಲಕರು ಕೇಬಲ್ ಮೂಲಕ ನಡೆಸುವ ದೂರನಿಯಂತ್ರಿತ ವಾಹನವನ್ನು ಆರ್‌ಒವಿ ಎಂದೂ, ನೀರಿಗಿಳಿದ ಮೇಲೆ ಯಾರ ಆಜ್ಞೆಗೂ ಕಾಯದೆ ತನ್ನ ಸಂವೇದಕಗಳ ನೆರವಿನಿಂದಲೇ ದಾರಿ ಕಂಡುಕೊಳ್ಳುವ ಸ್ವಯಂಚಾಲಿತ ವಾಹನವನ್ನು ಎಯುವಿ ಎಂದೂ ಕರೆಯುತ್ತಾರೆ.

ನೀರಿನ ಗುಣ ಮತ್ತು ರಚನೆ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾಗಿರುವುದರಿಂದ ನೆಲದ ಮೇಲೆ ಸರಾಗವಾಗಿ ಚಲಿಸುವ ಯಂತ್ರಕ್ಕೆ ಇಲ್ಲಿ ಪ್ರತಿ ಅಡಿಗೂ ತಡೆ ಎದುರಾಗುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ರೇಡಿಯೋ ತರಂಗಗಳು ನೀರಿನಲ್ಲಿ ಬೇಗನೆ ಕ್ಷೀಣಿಸುವುದರಿಂದ ನಿಸ್ತಂತು ನಿಯಂತ್ರಣ ಕೈಕೊಡುತ್ತದೆ. ಯಂತ್ರದ ರಚನೆಯಲ್ಲಿ ಮೊದಲ ಪಾಠ ತೇಲುವಿಕೆಯ ಸಮತೋಲನ. ಪ್ಲಾಸ್ಟಿಕ್ ಪೈಪುಗಳ ಚೌಕಟ್ಟಿಗೆ ರಂಧ್ರ ಕೊರೆದು ಒಳಗೆ ನೀರು ತುಂಬಿಕೊಳ್ಳುವಂತೆ ಮಾಡಿ, ಮೇಲೆ ಕಟ್ಟಿದ ಫೋಮ್ ತುಂಡನ್ನು ಚೂರುಚೂರೇ ಕತ್ತರಿಸುತ್ತ, ಕೆಳಗೆ ಕಬ್ಬಿಣದ ನಟ್ಟುಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ, ಕೈಬಿಟ್ಟಾಗ ಯಂತ್ರ ಮುಳುಗದೆ, ಮೇಲೇಳದೆ ನಡುನೀರಿನಲ್ಲಿ ನಿಲ್ಲುವ ಹಂತವನ್ನು ಮುಟ್ಟಬೇಕಾಗುತ್ತದೆ. ಸಣ್ಣ ಮೋಟಾರಿನ ಸಂದುಗಳಿಗೆ ಟೇಪು ಸುತ್ತಿ, ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು, ಸುತ್ತಲೂ ಕರಗಿಸಿದ ಮೇಣ ತುಂಬಿ ನೀರು ಹೊಗದಂತೆ ಮಾಡುವುದು ಶಾಲಾಮಟ್ಟದಲ್ಲಿ ಬಳಕೆಯಲ್ಲಿರುವ ವಿಧಾನ.

ಬೆಳವಣಿಗೆ

ಅಮೆರಿಕದಲ್ಲಿ 1998ರಲ್ಲಿ ಆರಂಭವಾದ ರೋಬೋಸಬ್ ಸ್ವಯಂಚಾಲಿತ ವಾಹನಗಳ ಸ್ಪರ್ಧೆ. ಕಮಾನು ದಾಟುವುದು, ತಳದಲ್ಲಿಟ್ಟ ಪೆಟ್ಟಿಗೆಗೆ ಗುರುತುಬಿಲ್ಲೆ ಹಾಕುವುದು, ನೀರಿನೊಳಗಿನ ಧ್ವನಿಮೂಲವನ್ನು ಹುಡುಕುವುದು ಅದರ ಸವಾಲುಗಳ ಮಾದರಿಗಳು. 2002ರಲ್ಲಿ ಮೊದಲ್ಗೊಂಡ ಮೇಟ್ ಸ್ಪರ್ಧೆ ದೂರನಿಯಂತ್ರಿತ ವಾಹನಗಳಿಗೆ ಮೀಸಲು. ಸೀಪರ್ಚ್ ಎಂಬ ಕಾರ್ಯಕ್ರಮವು ಮೂರು ಮೋಟಾರಿನ ಸರಳ ಕಿಟ್‌ನಿಂದ ಈ ವಿದ್ಯೆಯನ್ನು ಶಾಲಾಮಕ್ಕಳಿಗೂ ತಲುಪಿಸಿತು. ಇವುಗಳಿಗೆ ವ್ಯತಿರಿಕ್ತವಾಗಿ, 1989ರಲ್ಲಿ ಸ್ಥಾಪನೆಯಾದ ಫಸ್ಟ್ ಸಂಸ್ಥೆಯ ರೋಬೋಟ್ ಸ್ಪರ್ಧೆಗಳು 2024–25ರ ಸಾಲಿಗೆ ಸಮುದ್ರವನ್ನೇ ವಿಷಯವಾಗಿ ಆರಿಸಿಕೊಂಡರೂ ಅವು ನಡೆದದ್ದು ಒಣನೆಲ ಹಾಗೂ ಮೇಜುಗಳ ಮೇಲೆ. ಕೊಳದ ವೆಚ್ಚ, ವಿದ್ಯುತ್ ಸುರಕ್ಷತೆ, ಸೋರಿಕೆಯಿಂದ ಉಪಕರಣ ಹಾಳಾಗುವ ಭಯ ಇವು ನೆಲದ ಸ್ಪರ್ಧೆಗಳಿಗೆ ನೀರನ್ನು ತರುವಲ್ಲಿನ ಮುಖ್ಯ ತೊಡಕುಗಳು.

ಭಾರತದಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಸೇವ್ ಎಂಬ ಹೆಸರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಂಥ ಸ್ಪರ್ಧೆ ನಡೆಸಿದೆ. ಐಐಟಿ ಬಾಂಬೆಯ ವಿದ್ಯಾರ್ಥಿಗಳು ರೂಪಿಸಿದ ಮತ್ಸ್ಯ ಸರಣಿಯ ವಾಹನಗಳು ರೋಬೋಸಬ್‌ನಲ್ಲಿ ಪಾಲ್ಗೊಂಡಿವೆ. 2016ರಲ್ಲಿ ಆರಂಭವಾದ ಅಟಲ್ ಇನ್ನೋವೇಶನ್ ಮಿಷನ್‌ನಡಿ 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ತೆರೆದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಈ ಪ್ರಯೋಗಗಳಿಗೆ ಶಾಲೆಯಲ್ಲೇ ನೆಲೆ ಒದಗಿಸಬಲ್ಲವು.

ಸಿಂಧನೂರು ಪ್ರದೇಶದಲ್ಲಿ ಇದರ ಪ್ರಸ್ತುತತೆ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳು ಕಡಲಿನಿಂದ ದೂರವಿದ್ದರೂ ಇಲ್ಲಿನ ಬದುಕು ಕಟ್ಟಿ ನಿಲ್ಲಿಸಿದ ನೀರನ್ನೇ ನಂಬಿದೆ. ಸಿಂಧನೂರಿನ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯೇ ಜೀವಾಳ. ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣೆ ಹರಿಯುತ್ತದೆ. ಮಸ್ಕಿಯ ಬಳಿ ಮಸ್ಕಿ ನಾಲಾ ಜಲಾಶಯವಿದೆ. 2024ರ ಆಗಸ್ಟ್ 10ರ ರಾತ್ರಿ, ಎಡದಂಡೆ ಕಾಲುವೆಗೆ ನೀರುಣಿಸುವ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ರಭಸದ ಹರಿವಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ನೀರನ್ನು ಉಳಿಸಿಕೊಳ್ಳಲಾಯಿತು. ಮೂಲದಲ್ಲಿ ಸುಮಾರು 133 ಟಿಎಂಸಿ (ಶತಕೋಟಿ ಘನ ಅಡಿ) ಇದ್ದ ತುಂಗಭದ್ರಾ ಜಲಾಶಯದ ಸಂಗ್ರಹ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. ಹೂಳಿನ ಆಳ ಅಳೆಯುವುದು, ಗೇಟಿನ ಮಾದರಿಯ ಬಿರುಕು ಗುರುತಿಸುವುದು, ತೂಬಿನ ಬಾಯಿಗೆ ಸಿಕ್ಕಿದ ಕಸ ತೆಗೆಯುವುದು ಇವನ್ನು ಸ್ಪರ್ಧೆಯ ಸವಾಲುಗಳಾಗಿಸಿದರೆ ವಿದ್ಯಾರ್ಥಿ ಕಲಿಯುವ ವಿದ್ಯೆ ಅವನ ಊರಿನ ಅಗತ್ಯಕ್ಕೇ ನೇರವಾಗಿ ಒದಗುತ್ತದೆ.

ಈ ಪ್ರದೇಶ ಮತ್ತೊಂದು ಕಠಿಣ ಪರೀಕ್ಷೆಯನ್ನೂ ಒಡ್ಡುತ್ತದೆ. ತಿಳಿನೀರಿನ ಈಜುಕೊಳದಲ್ಲಿ ಚೆನ್ನಾಗಿ ಕಾಣುವ ಕ್ಯಾಮೆರಾಕ್ಕೆ ಕಾಲುವೆಯ ಕೆಂಪು ಬಗ್ಗಡದಲ್ಲಿ ಒಂದು ಗೇಣಿನಾಚೆಯ ವಸ್ತುವೂ ಕಾಣದಿರಬಹುದು. ಆಗ ಆಳ ತಿಳಿಯಲು ಒತ್ತಡ ಸಂವೇದಕವನ್ನೂ, ದೂರ ತಿಳಿಯಲು ಸೋನಾರನ್ನೂ, ಅಂದರೆ ಶಬ್ದ ಕಳುಹಿಸಿ ಪ್ರತಿಧ್ವನಿ ಮರಳುವ ಸಮಯದಿಂದ ಅಂತರ ಲೆಕ್ಕಹಾಕುವ ಸಾಧನವನ್ನೂ, ಅವಲಂಬಿಸಬೇಕಾಗುತ್ತದೆ. ಶಬ್ದವು ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಚಲಿಸುವುದರಿಂದ 3 ಮೀಟರ್ ದೂರದ ಗೋಡೆಯ ಪ್ರತಿಧ್ವನಿ ಸೆಕೆಂಡಿನ ಸಾವಿರ ಭಾಗಗಳಲ್ಲಿ 4 ಭಾಗದಷ್ಟು ಸಮಯದಲ್ಲಿ ಮರಳುತ್ತದೆ.

ಸುರಕ್ಷತೆ

ಹರಿಯುವ ಕಾಲುವೆಯನ್ನು ಎಂದಿಗೂ ಸ್ಪರ್ಧೆಯ ಕಣವಾಗಿ ಬಳಸಕೂಡದು. ಆಳ ಕಡಿಮೆಯಿರುವ ಸಿಮೆಂಟು ತೊಟ್ಟಿಯಲ್ಲಿ ಮಣ್ಣು ಕದಡಿದರೆ ಕಾಲುವೆಯ ಸ್ಥಿತಿಯನ್ನು ಅಲ್ಲೇ ತಂದುಕೊಳ್ಳಬಹುದು. ಮನೆಯ ವಿದ್ಯುತ್ತನ್ನು ತೊಟ್ಟಿಯ ಹತ್ತಿರಕ್ಕೆ ತಾರದೆ, ಫ್ಯೂಸ್ ಅಳವಡಿಸಿದ 12 ವೋಲ್ಟ್ ಬ್ಯಾಟರಿಯನ್ನು ಮಾತ್ರ ಬಳಸಬೇಕು; ಯಂತ್ರ ನೀರಿನಲ್ಲಿರುವಷ್ಟು ಹೊತ್ತೂ ಈಜು ಬಲ್ಲ ಹಿರಿಯರೊಬ್ಬರು ದಡದಲ್ಲಿರಬೇಕು.