ನೆರಳಿನ ಸೀತೆ

1987ರ ಜನವರಿ 25ರಂದು ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಆರಂಭವಾಯಿತು. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಭಾನುವಾರ ಬೆಳಿಗ್ಗೆ ಆ ಮನೆಯ ಪಡಸಾಲೆ ತುಂಬಿ, ತಡವಾಗಿ ಬಂದವರು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದರು. ಹಿಂದಿ ಹೆಚ್ಚಿನವರಿಗೆ ಅಷ್ಟಕ್ಕಷ್ಟೇ. ಆದರೆ ಕತೆ ಗೊತ್ತಿದ್ದವರಿಗೆ ಭಾಷೆಯ ಹಂಗೇಕೆ? ಜನಕನ ಹೂದೋಟದಲ್ಲಿ ಸೀತೆ ರಾಮನನ್ನು ಮೊದಲ ಸಲ ಕಂಡು ನಾಚಿದಾಗ ಪಡಸಾಲೆಯ ಹೆಂಗಸರೂ ನಾಚಿದರು.

1988ರಲ್ಲಿ ಅಗ್ನಿಪರೀಕ್ಷೆಯ ಕಂತು ಬಂತು. ಪಿ.ಯು.ಸಿ. ಓದುತ್ತಿದ್ದ ನನಗೆ ಅಲ್ಲೊಂದು ಆಶ್ಚರ್ಯ ಕಾದಿತ್ತು. ರಾವಣ ಹೊತ್ತೊಯ್ದದ್ದು ಸೀತೆಯ ನೆರಳನ್ನು ಮಾತ್ರ, ನಿಜವಾದ ಸೀತೆ ಅಷ್ಟು ದಿನವೂ ಅಗ್ನಿದೇವನ ರಕ್ಷಣೆಯಲ್ಲಿದ್ದಳು ಎಂದು ರಾಮ ಲಕ್ಷ್ಮಣನಿಗೆ ತಿಳಿಸುತ್ತಾನೆ. ಬೆಂಕಿಗೆ ಹೋದದ್ದು ನೆರಳು, ಹೊರಗೆ ಬಂದವಳು ಸೀತೆ. “ರಾಕ್ಷಸ ಅವಳನ್ನು ಮುಟ್ಟಿಯೇ ಇರಲಿಲ್ಲವಂತೆ” ಎಂದು ಹಿಂದಿ ಬಲ್ಲವರೊಬ್ಬರು ಹೇಳಿದಾಗ ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು.

ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಾತ್ರ ಸುಮ್ಮನೆ ಎದ್ದುಹೋದರು. ಯಾರೋ ಆಡಿದ ಗಾಳಿಮಾತನ್ನು ನಂಬಿ ಗಂಡನ ಮನೆಯವರು ಅವರನ್ನು ತವರಿಗೆ ಅಟ್ಟಿದ್ದರು. ತನ್ನ ಬದಲು ಕಳುಹಿಸಲು ಅವರ ಬಳಿ ನೆರಳಿರಲಿಲ್ಲ.

ನೆರಳಿನ ಸೀತೆ ಸಾಗರರ ಕಲ್ಪನೆಯಲ್ಲವೆಂದು ನನಗೆ ತಿಳಿದದ್ದು ಬಿ.ಎ. ಓದುವಾಗ. ಅಧ್ಯಾತ್ಮ ರಾಮಾಯಣದಲ್ಲಿ ಅವಳಿದ್ದಾಳೆ. 16ನೆಯ ಶತಮಾನದ ತುಳಸೀದಾಸರ ‘ರಾಮಚರಿತಮಾನಸ’ದಲ್ಲೂ ಇದ್ದಾಳೆ. ಜಗನ್ಮಾತೆಯನ್ನು ರಾಕ್ಷಸ ಮುಟ್ಟಿದನೆಂಬುದನ್ನು ಭಕ್ತರ ಮನಸ್ಸು ಸಹಿಸಲಾರದೆ ಹೋಯಿತು. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮುಟ್ಟಿದ್ದರೆ ಅವಳು ಕೆಡುತ್ತಿದ್ದಳು ಎಂಬ ಮಾತನ್ನು ಈ ಉಪಾಯ ಒಪ್ಪಿಕೊಂಡುಬಿಡುತ್ತದಲ್ಲ!

ವಾಲ್ಮೀಕಿಯಲ್ಲಿ ನೆರಳಿಲ್ಲ. ಅಲ್ಲಿ ಸೀತೆಯೇ ನಿಂತು ಉತ್ತರ ಕೊಡುತ್ತಾಳೆ. ಅವನು ಮುಟ್ಟಿದಾಗ ನಾನು ಪರಾಧೀನಳಾಗಿದ್ದೆ, ನನ್ನ ಅಧೀನದಲ್ಲಿದ್ದ ಮನಸ್ಸು ನಿನ್ನಲ್ಲೇ ಇತ್ತು ಎನ್ನುತ್ತಾಳೆ. ಹನುಮಂತ ಬಂದಾಗಲೇ ಬಿಟ್ಟೆನೆಂದು ಹೇಳಿಕಳುಹಿಸಿದ್ದರೆ ಯುದ್ಧದ ಶ್ರಮವೇ ಬೇಕಿರಲಿಲ್ಲ ಎಂದೂ ಕೇಳುತ್ತಾಳೆ. ಚಿತೆ ಸಿದ್ಧಪಡಿಸಲು ಲಕ್ಷ್ಮಣನಿಗೆ ಹೇಳಿದವಳೂ ಅವಳೇ.

ಅಗ್ನಿಯೇ ಸಾಕ್ಷಿ ನುಡಿದರೂ ಅಯೋಧ್ಯೆಯ ಬಾಯಿ ಮುಚ್ಚಲಿಲ್ಲ. ಧಾರಾವಾಹಿ 1988ರ ಜುಲೈ 31ಕ್ಕೆ ಪಟ್ಟಾಭಿಷೇಕದೊಡನೆ ಮುಗಿದಿತ್ತು. ಲವಕುಶರ ಕತೆಯೂ ಬೇಕೆಂದು ಪಂಜಾಬಿನಲ್ಲಿ, ವಾಲ್ಮೀಕಿಯನ್ನು ಆರಾಧಿಸುವ ಸಮುದಾಯದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಆ ಭಾಗವೂ ಮುಂದೆ ತೆರೆಗೆ ಬಂತು. ಸೀತೆಯ ಎರಡನೆಯ ದುಃಖವನ್ನು ನಮಗೆ ಕಾಣಿಸಿದವರು ಬೀದಿ ಗುಡಿಸುವವರು ಎಂಬುದನ್ನು ನಾನು ಮರೆಯಲಾರೆ.

ನಮ್ಮ ಕನ್ನಡದಲ್ಲಿ ಲಕ್ಷ್ಮೀಶ ಆ ದುಃಖವನ್ನು ಷಟ್ಪದಿಯಲ್ಲಿ ಹಾಡಿದ. ಕಾಡಿನ ಮೃಗಪಕ್ಷಿಗಳು ಸೀತೆಗಾಗಿ ಮರುಗುವ ‘ಜೈಮಿನಿ ಭಾರತ’ದ ಪದ್ಯಗಳನ್ನು ಪಾಠ ಮಾಡುವಾಗ ನನ್ನ ಗಂಟಲು ಇಂದಿಗೂ ಬಿಗಿಯುತ್ತದೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಪರೀಕ್ಷೆ ಇಬ್ಬರಿಗೂ ಆಯಿತು. ಯಾರ ನೆರಳೂ ಬೇಕಾಗಲಿಲ್ಲ.

2020ರ ಮಾರ್ಚ್ 28ರಿಂದ, ಲಾಕ್‌ಡೌನ್ ಕಾಲದಲ್ಲಿ, ಅದೇ ಧಾರಾವಾಹಿ ಮತ್ತೆ ಪ್ರಸಾರವಾಯಿತು. ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಲಂಕೆಯಲ್ಲಿದ್ದವಳು ನೆರಳಾದರೆ, ಅಶೋಕವನದಲ್ಲಿ ಅಷ್ಟು ದಿನ ಅತ್ತವಳು ಯಾರು?”

ನಾನು ಮೂವತ್ತೆರಡು ವರ್ಷದಿಂದ ಹುಡುಕುತ್ತಿದ್ದ ಮಾತು ಅವಳ ಬಾಯಲ್ಲಿತ್ತು. “ಅತ್ತವಳೇ ಸೀತೆ ಕಣಮ್ಮ. ರಾವಣನಿಗೆ ಎದುರಾಡಿದವಳೂ ಅವಳೇ. ಅವಳಲ್ಲಿ ಯಾವ ಕೊರತೆಯೂ ಇರಲಿಲ್ಲ” ಎಂದೆ.

ಅಂದು ಪಡಸಾಲೆಯಿಂದ ಎದ್ದುಹೋದವರಿಗೆ ಈ ಮಾತನ್ನು ಹೇಳುವಷ್ಟು ತಿಳಿವಳಿಕೆ ನನಗೆ ಆಗ ಇರಲಿಲ್ಲ.